ಜನನಪುಸ್ತಕವೂ ವಿನಿಯೋಗ ಸಂಶೋಧನೆಯೂ

ಒಂದು ವಿದ್ಯೆಯ ಹೆಸರು ಅನ್ಯಭಾಷೆಯಿಂದ ಬಂದಾಗ ಅದರ ಅರ್ಥವೂ ಅದರ ಬೆನ್ನಿಗೇ ಬರುವುದೆಂದು ನಂಬುವಂತಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2006ರಲ್ಲಿ ‘ಕ್ಲಿನಿಕಲ್ ಅಂಡ್ ಟ್ರಾನ್ಸ್‌ಲೇಷನಲ್ ಸೈನ್ಸ್’ ಎಂಬ ಹೆಸರಿನಿಂದ ವಿಶ್ವವಿದ್ಯಾನಿಲಯಗಳಿಗೆ ದೊಡ್ಡ ಪ್ರಮಾಣದಲ್ಲಿ ಧನಸಹಾಯ ಕೊಡಲು ಮೊದಲುಮಾಡಿದುವು. ವಿದ್ವಾಂಸರು ಪ್ರಯೋಗಶಾಲೆಯಲ್ಲಿ ಕಂಡುಕೊಂಡದ್ದು ರೋಗಿಯ ಮಂಚದವರೆಗೂ, ಅಲ್ಲಿಂದ ಊರಿನ ಮನೆಗಳವರೆಗೂ ತಲುಪಬೇಕು. ಆ ಮನೆಗಳವರು ಸಂಶೋಧನೆಗೆ ಬರಿಯ ವಸ್ತುವಾಗದೆ ಪಾಲುಗಾರರಾಗಬೇಕು ಎಂಬುದು ಅದರ ಆಶಯ. ಹೆಸರು ಹೊಸದು. ಹೆಸರಿಟ್ಟ ಕೆಲಸವು ಅದಕ್ಕಿಂತ ಹಳೆಯದು. ಅದರ ಒಂದು ಮುಖ್ಯ ನಿದರ್ಶನವು ಮೈಸೂರು ನಗರದಲ್ಲಿಯೇ ನಡೆದಿದೆ. ಆ ನಿದರ್ಶನವನ್ನೂ, ಅದರಿಂದ ಕನ್ನಡಕ್ಕೆ ಒದಗುವ ಕೆಲವು ಶಬ್ದವಿಚಾರಗಳನ್ನೂ ಇಲ್ಲಿ ವಿವರಿಸಲಾಗುವುದು.

ಮೊದಲು ಹೆಸರಿನ ಮಾತು. ‘ಕ್ಲಿನಿಕಲ್’ ಎಂಬುದು ಮಂಚವೆಂಬ ಅರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದ್ದು. ರೋಗಿಯು ಮಲಗಿರುವಲ್ಲಿ ನಿಂತು ನೋಡಿ ಅರಿಯುವುದೇ ಅದರ ತಾತ್ಪರ್ಯವಾದುದರಿಂದ ‘ಚಿಕಿತ್ಸಾಶ್ರಯ’ ಎಂದರೆ ಸಾಕು. ತೊಡಕಿರುವುದು ಎರಡನೆಯ ಪದದಲ್ಲಿ. ಅದನ್ನು ಮಾತಿಗೆ ಮಾತಾಗಿ ತಿರುಗಿಸಿದರೆ ‘ಅನುವಾದ ಸಂಶೋಧನೆ’ ಎಂದಾಗುತ್ತದೆ. ಕೇಳಿದವರು ಗ್ರಂಥಗಳ ಭಾಷಾಂತರದ ವಿಚಾರವೆಂದೇ ತಿಳಿಯುವರು. ಶಾಸ್ತ್ರದೃಷ್ಟಿಯಿಂದಲೂ ಅದು ಹೊಂದದು. ನ್ಯಾಯಸೂತ್ರಗಳು ಬ್ರಾಹ್ಮಣವಾಕ್ಯಗಳನ್ನು ವಿಧಿ, ಅರ್ಥವಾದ, ಅನುವಾದ ಎಂದು ಮೂರಾಗಿ ವಿಭಾಗಿಸುತ್ತವೆ. ಅಲ್ಲಿ ಅನುವಾದವೆಂದರೆ ವಿಧಿಸಿದುದನ್ನೇ ಒಂದು ಪ್ರಯೋಜನಕ್ಕಾಗಿ ಮತ್ತೊಮ್ಮೆ ಹೇಳುವುದು; ಹೊಸದಾಗಿ ಏನನ್ನೂ ಮಾಡಿಸುವುದಲ್ಲ. ಪ್ರಕೃತ ವಿಷಯದಲ್ಲಿ ಬೇಕಾಗಿರುವುದು ಮಾಡಿಸುವ ಮಾತು. ಮೀಮಾಂಸಕರ ಬಳಿ ಅದು ಸಿದ್ಧವಾಗಿದೆ. ಮಂತ್ರಕ್ಕೆ ತನ್ನದೇ ಆದ ಅರ್ಥವಿದ್ದರೂ ಅದು ಯಾವ ಕರ್ಮದಲ್ಲಿ, ಯಾವುದಕ್ಕೆ ಅಂಗವಾಗಿ ನಿಲ್ಲಬೇಕೆಂಬುದನ್ನು ನಿರ್ಣಯಿಸುವುದಕ್ಕೆ ಅವರು ‘ವಿನಿಯೋಗ’ವೆಂದು ಹೆಸರಿಟ್ಟು, ಅದಕ್ಕೆ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳನ್ನು ಹೇಳಿದರು. ಕಂಡುಕೊಂಡ ತತ್ತ್ವವು ಎಲ್ಲಿ, ಯಾರಿಗೆ, ಯಾವ ಕ್ರಮದಲ್ಲಿ ಸಲ್ಲುವುದೆಂದು ವಿಚಾರಿಸುವ ಈ ಹೊಸ ವಿದ್ಯೆಗೆ ‘ವಿನಿಯೋಗ ಸಂಶೋಧನೆ’ ಎಂಬ ಹೆಸರೇ ಯುಕ್ತವಾಗಿ ತೋರುತ್ತದೆ. ಮುಂದೆ ಆ ಹೆಸರನ್ನೇ ಬಳಸಲಾಗಿದೆ.

ಮೈಸೂರಿನ ಕಥೆಯ ಬೇರು ಇಂಗ್ಲೆಂಡಿನಲ್ಲಿದೆ. ಹರ್ಟ್‌ಫರ್ಡ್‌ಷೈರ್ ಎಂಬ ಪ್ರಾಂತದಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಮಹಿಳೆಯು ಸೂಲಗಿತ್ತಿಯರ ಮೇಲ್ವಿಚಾರಣೆಯ ಅಧಿಕಾರಿಯಾಗಿದ್ದಳು. ಆಕೆಯ ಏರ್ಪಾಡಿನಂತೆ 1911ರಿಂದ ಪ್ರತಿಯೊಂದು ಶಿಶುವಿನ ಜನ್ಮಕಾಲದ ತೂಕವನ್ನೂ, ವರ್ಷ ತುಂಬಿದಾಗಿನ ತೂಕವನ್ನೂ ದೊಡ್ಡ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಶಿಶುಮರಣವನ್ನು ತಗ್ಗಿಸುವುದಷ್ಟೇ ಅಂದಿನ ಉದ್ದೇಶ. ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಡೇವಿಡ್ ಬಾರ್ಕರ್ ಎಂಬ ವೈದ್ಯವಿದ್ವಾಂಸನು ಹಲವು ದಶಕಗಳ ಬಳಿಕ ಆ ಪುಸ್ತಕಗಳನ್ನು ಹಿಡಿದು, 1911ರಿಂದ 1930ರವರೆಗೆ ಹುಟ್ಟಿದ 5,654 ಮಂದಿ ಗಂಡಸರ ಮುಂದಿನ ಗತಿಯನ್ನು ಪರೀಕ್ಷಿಸಿದನು. ಹುಟ್ಟಿದಾಗ ಮತ್ತು ಒಂದು ವರ್ಷದವರಾಗಿದ್ದಾಗ ಯಾರು ಹಗುರವಾಗಿದ್ದರೋ ಅವರಲ್ಲಿಯೇ ಹೃದ್ರೋಗದಿಂದ ಸತ್ತವರು ಹೆಚ್ಚು. ರಾಷ್ಟ್ರದ ಸರಾಸರಿಯನ್ನು 100 ಎಂದು ಇಟ್ಟುಕೊಂಡರೆ, ವರ್ಷದ ಕೊನೆಗೆ 18 ಪೌಂಡಿಗೆ ಮೇಲೇರದವರಲ್ಲಿ ಅಂಥ ಮರಣದ ಪ್ರಮಾಣವು 111, 27 ಪೌಂಡು ಮುಟ್ಟಿದವರಲ್ಲಿ ಕೇವಲ 42. ಇದು 1989ರಲ್ಲಿ ಪ್ರಕಟವಾಯಿತು. ಐವತ್ತು ಅರುವತ್ತರ ವಯಸ್ಸಿನಲ್ಲಿ ಬರುವ ರೋಗಕ್ಕೆ ಕಾರಣವನ್ನು ಆ ವಯಸ್ಸಿನ ನಡವಳಿಕೆಯಲ್ಲಿ ಹುಡುಕುತ್ತಿದ್ದ ವೈದ್ಯಲೋಕಕ್ಕೆ, ಗರ್ಭಾವಸ್ಥೆಯ ಕಡೆ ನೋಡಿರೆಂದು ಹೇಳಿದ ಮಾತು ವಿಚಿತ್ರವಾಗಿಯೇ ಕೇಳಿಸಿತು.

ಇಂಗ್ಲೆಂಡಿನಲ್ಲಿ ಕಂಡುಬಂದುದು ಬೇರೆ ಜನರಲ್ಲಿಯೂ ಕಾಣುವುದೋ ಎಂಬುದೇ ಮುಂದಿನ ಪ್ರಶ್ನೆ. ಅದಕ್ಕೆ ಹಳೆಯ ಜನನಪುಸ್ತಕಗಳು ಬೇಕು. ಆ ಪುಸ್ತಕದಲ್ಲಿರುವವರು ಇನ್ನೂ ಬದುಕಿ ಸಮೀಪದಲ್ಲಿಯೇ ವಾಸವಾಗಿರಬೇಕು. ಭಾರತದಲ್ಲಿ ಈ ಎರಡೂ ಒದಗಿದ ಸ್ಥಳ ಮೈಸೂರು. ಅಲ್ಲಿಯ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1906ರಲ್ಲಿ ಸ್ಥಾಪಿತವಾದದ್ದು. ಅಲ್ಲಿ 1934ರಿಂದ ಹೆರಿಗೆಯ ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಂಡು ಬಂದಿದ್ದರು. ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆ. ಬಸುರಿಯಾಗಿದ್ದಾಗ ತಾಯಿಯ ತೂಕ, ಆಕೆಯ ಕಟಿಪ್ರದೇಶದ ಅಳತೆ ಇವೆಲ್ಲವೂ ಅವುಗಳಲ್ಲಿವೆ. ತಾಳೆಯೋಲೆಯ ಪ್ರತಿಕಾರರ ಪೈಕಿ ಕೆಲವರಾದರೂ ಗ್ರಂಥದ ಕೊನೆಯಲ್ಲಿ ತಮ್ಮ ಹೆಸರನ್ನು ಬರೆದುಕೊಂಡು ಹೋದರು. ಈ ಪುಸ್ತಕಗಳನ್ನು ಬರೆದ ದಾದಿಯರಾದರೋ, ಅರುವತ್ತು ವರ್ಷಗಳ ಮೇಲೆ ತಮ್ಮ ಅಂಕೆಗಳನ್ನು ಯಾರು ಓದುವರೆಂಬುದನ್ನು ಊಹಿಸದೆ, ಒಂದೊಂದು ಹೆರಿಗೆಗೂ ಅಳತೆ ತೆಗೆದು ಬರೆದರು. ಆ ಶಿಸ್ತಿಲ್ಲದಿದ್ದರೆ ಮುಂದಿನದು ಯಾವುದೂ ಇಲ್ಲ.

ಪುಸ್ತಕ ಸಿಕ್ಕಿದಮಾತ್ರಕ್ಕೆ ಮನುಷ್ಯರು ಸಿಕ್ಕುವುದಿಲ್ಲ. ನಾಮಕರಣವು ಹನ್ನೊಂದನೆಯ ದಿನವೋ ಅದರಾಚೆಗೋ ಆಗುವ ನಾಡಿನಲ್ಲಿ, ಹೆರಿಗೆಯ ದಿನ ಬರೆದ ಲೆಕ್ಕದೊಳಗೆ ಮಗುವಿನ ಹೆಸರನ್ನು ಹುಡುಕುವಂತಿಲ್ಲ. ತಂದೆತಾಯಿಗಳ ಹೆಸರು, ಹುಟ್ಟಿದ ದಿನ ಇವೇ ಆಧಾರ. ಒಂದೇ ಮೊಹಲ್ಲದಲ್ಲಿ ಎಷ್ಟು ಮಂದಿ ಲಕ್ಷ್ಮಮ್ಮಂದಿರು, ಎಷ್ಟು ಮಂದಿ ಫಾತಿಮಾಬೀಬಿಯರು! ಆಸ್ಪತ್ರೆಯ ಸುತ್ತಿನ ಬೀದಿಗಳಲ್ಲಿ ಮನೆಮನೆಗೂ ಹೋಗಿ, ನಡುವಯಸ್ಸಿನವರನ್ನು ಹುಟ್ಟಿದ ಸ್ಥಳ, ಕಾಲ, ತಂದೆತಾಯಿಗಳ ಹೆಸರು ಕೇಳಿ ಬರೆದುಕೊಂಡು, ಪುಸ್ತಕದ ಸಾಲುಗಳೊಡನೆ ತಾಳೆ ನೋಡಿದರು. ಪ್ರತಿಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದಕನ ಕೆಲಸಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಊರಿನವರು ಬಾಗಿಲು ತೆರೆದು ಉತ್ತರ ಹೇಳಿದುದರಿಂದ ಇದು ಸಾಧ್ಯವಾಯಿತು; ಸಹಕಾರವೆಂಬ ದೊಡ್ಡ ಮಾತಿನ ಮೊದಲ ರೂಪ ಇಷ್ಟೇ.

ಹೀಗೆ ಗುರುತಿಸಿ ಪರೀಕ್ಷಿಸಿದವರು, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಮಂದಿ ಸ್ತ್ರೀಪುರುಷರು. ಕ್ಲೌಡಿಯಾ ಸ್ಟೈನ್, ಕ್ಯಾರೊಲೈನ್ ಫಾಲ್, ಕುಮಾರನ್, ಬಾರ್ಕರ್ ಮೊದಲಾದವರು ಇದರ ಫಲವನ್ನು 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಗಂಡಸರಲ್ಲಿ 25 ಮಂದಿಗೂ ಹೆಂಗಸರಲ್ಲಿ 27 ಮಂದಿಗೂ ಹೃದಯದ ರಕ್ತನಾಳಗಳ ರೋಗವಿತ್ತು. ಹುಟ್ಟುವಾಗ 5½ ಪೌಂಡು, ಎಂದರೆ 2.5 ಕಿಲೋಗ್ರಾಂ, ಅಥವಾ ಅದಕ್ಕಿಂತ ಕಡಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿ ರೋಗಿಗಳು. 7 ಪೌಂಡಿಗೆ ಮೇಲ್ಪಟ್ಟು ತೂಗಿದವರಲ್ಲಿ ನೂರಕ್ಕೆ 3. ನಲವತ್ತೈದು ವರ್ಷ ದಾಟಿದವರಲ್ಲಿ ಈ ಇಳಿತವು ಇನ್ನೂ ಸ್ಪಷ್ಟ. ಎಲ್ಲಕ್ಕಿಂತ ಹೆಚ್ಚಿನ ಪ್ರಮಾಣವು ಕಂಡದ್ದು, ತಾವೂ ಹಗುರವಾಗಿ ಹುಟ್ಟಿ, ತಾಯಂದಿರೂ ಬಸುರಿನಲ್ಲಿ 100 ಪೌಂಡಿಗೆ ಕಡಮೆ ತೂಗುತ್ತಿದ್ದವರಲ್ಲಿ: ನೂರಕ್ಕೆ 20.

ಈ ಅಂಕೆಗಳ ಬಲಾಬಲವನ್ನು ತೂಗಿ ನೋಡುವುದು ಅವಶ್ಯ. ಪರ್ವತದಲ್ಲಿ ಹೊಗೆ ಇದೆ, ಆದುದರಿಂದ ಬೆಂಕಿ ಇದೆ ಎಂಬ ಅನುಮಾನ ಸರಿ. ಬೆಂಕಿ ಇದೆ, ಆದುದರಿಂದ ಹೊಗೆ ಇದೆ ಎಂಬುದು ಸರಿಯಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಸಿಯ ಸೌದೆಯ ಸಂಬಂಧವೆಂಬ ಮತ್ತೊಂದು ವಸ್ತುವು ನಡುವೆ ಸೇರಿ ಹೊಗೆಯನ್ನು ಉಂಟುಮಾಡುತ್ತದೆ. ನೈಯಾಯಿಕರು ಇದನ್ನು ‘ಉಪಾಧಿ’ ಎನ್ನುವರು. ಇಂದಿನ ರೋಗಗಣಿತದವರು ಎರಡು ಸಂಗತಿಗಳ ನಡುವೆ ಅಡಗಿ ನಿಂತು ಭ್ರಮೆ ಹುಟ್ಟಿಸುವ ಮೂರನೆಯದನ್ನು ಹುಡುಕುವುದೂ ಇದನ್ನೇ. ಹಗುರವಾಗಿ ಹುಟ್ಟುವುದಕ್ಕೂ ಮುಂದೆ ಹೃದ್ರೋಗ ಬರುವುದಕ್ಕೂ ಬಡತನವೆಂಬ ಒಂದೇ ಹಸಿಯ ಸೌದೆ ಕಾರಣವಾಗಿರಬಾರದೇಕೆ? ಹೊಗೆಬತ್ತಿ ಸೇದುವುದು, ಸ್ಥೂಲಕಾಯ, ಮನೆಯ ಸ್ಥಿತಿ ಮುಂತಾದುವನ್ನು ಲೆಕ್ಕಕ್ಕೆ ತೆಗೆದುಕೊಂಡು ಈ ಶಂಕೆಯನ್ನು ಪರಿಹರಿಸಲು ಇಂಥ ಸಂಶೋಧಕರು ಯತ್ನಿಸುವುದುಂಟು. ಆದರೂ ಪೂರ್ಣ ಪರಿಹಾರವು ಜನನಪುಸ್ತಕಗಳಿಂದಲೇ ದೊರೆಯತಕ್ಕದ್ದಲ್ಲ. ಅಲ್ಲದೆ, ಪರೀಕ್ಷೆಗೆ ಸಿಕ್ಕವರು ಬದುಕುಳಿದು ಊರಲ್ಲಿಯೇ ನಿಂತವರು ಮಾತ್ರ. ಶೈಶವದಲ್ಲಿಯೇ ತೀರಿಹೋದವರೂ ಬೆಂಗಳೂರು ಬೊಂಬಾಯಿಗಳಿಗೆ ಹೊರಟುಹೋದವರೂ ಲೆಕ್ಕದ ಹೊರಗೆ. ಇದನ್ನು ಹೇಳದೆ ಮೇಲಿನ ಅಂಕೆಗಳನ್ನು ಮಾತ್ರ ಉದ್ಧರಿಸುವ ಲೇಖನಗಳು ಹೆಚ್ಚು ಮಾತಾಡಿ ಕಡಮೆ ತಿಳಿಸುತ್ತವೆ.

ಎರಡು ವರ್ಷಗಳ ಬಳಿಕ, 1998ರಲ್ಲಿ, ಅದೇ ಆಸ್ಪತ್ರೆಯಲ್ಲಿ ಹುಟ್ಟಿದ 39ರಿಂದ 60 ವರ್ಷ ವಯಸ್ಸಿನ 506 ಮಂದಿಯ ಮಧುಮೇಹದ ಪರೀಕ್ಷೆಯ ಫಲವು ಹೊರಬಂದಿತು. ನೂರಕ್ಕೆ 15 ಮಂದಿಗೆ ಆ ರೋಗವಿತ್ತು. ಇಲ್ಲಿ ಇಂಗ್ಲೆಂಡಿನ ಮಾದರಿಯು ಹಾಗೆಯೇ ಮರುಕಳಿಸಲಿಲ್ಲ. ರೋಗ ಹೆಚ್ಚಾಗಿದ್ದುದು ಬರಿಯ ಹಗುರ ಶಿಶುಗಳಾಗಿದ್ದವರಲ್ಲಿ ಅಲ್ಲ. ಉದ್ದದಲ್ಲಿ ಕುಳ್ಳಾಗಿ, ಆ ಉದ್ದಕ್ಕೆ ದಪ್ಪವಾಗಿ ಹುಟ್ಟಿದವರಲ್ಲಿ, ಅದರಲ್ಲಿಯೂ ಭಾರವಾದ ತಾಯಂದಿರ ಮಕ್ಕಳಲ್ಲಿ. ವಿದೇಶದ ಸಿದ್ಧಾಂತವನ್ನು ಪರೀಕ್ಷಿಸಲು ಹೊರಟ ಕೆಲಸವು ಆ ಸಿದ್ಧಾಂತವನ್ನೇ ತಿದ್ದಿಕೊಳ್ಳುವಂತೆ ಮಾಡಿತೆಂಬುದು ಮೈಸೂರಿನ ದಾಖಲೆಗಳ ನಿಜವಾದ ಹಿರಿಮೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಯಾಜ್ಞಿಕರು ಅದೇ ಕಾಲದಲ್ಲಿ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಸೌತಾಂಪ್ಟನ್ನಿನ ಶಿಶುಗಳೊಡನೆ ಹೋಲಿಸಿ, ಭಾರತೀಯ ಕೂಸು ತೂಕದಲ್ಲಿ ಬಹಳ ಕಡಮೆಯಾದರೂ ಚರ್ಮದಡಿಯ ಕೊಬ್ಬನ್ನು ಅಷ್ಟಾಗಿ ಕಳೆದುಕೊಂಡಿರುವುದಿಲ್ಲವೆಂದು ತೋರಿಸಿದರು. ಹೊರಗೆ ಬಡಕಲು, ಒಳಗೆ ಮೇದಸ್ಸು.

ಹಳೆಯ ಪುಸ್ತಕಗಳಲ್ಲಿ ಇಲ್ಲದ ಸಂಗತಿಗಳಿಗಾಗಿ ಹೊಸ ಪುಸ್ತಕವನ್ನೇ ಬರೆಯಬೇಕಾಯಿತು. ಅದೇ ಆಸ್ಪತ್ರೆಗೆ 1997–98ರಲ್ಲಿ ಬಂದ 830 ಮಂದಿ ಬಸುರಿಯರಿಗೆ ಏಳನೆಯ ತಿಂಗಳಿನ ಸುಮಾರಿಗೆ ಸಕ್ಕರೆಯ ಪರೀಕ್ಷೆಯನ್ನು ಮಾಡಿ, ಅವರ ಮಕ್ಕಳನ್ನು ಹುಟ್ಟಿನಿಂದ ಹದಿಹರೆಯದವರೆಗೂ ಅನುಸರಿಸಿದರು. ಮೈಸೂರಿನ ವೈದ್ಯೆ ಕೃಷ್ಣವೇಣಿಯವರು ಇದರಲ್ಲಿ ಪ್ರಮುಖರು. ನೂರಕ್ಕೆ 6.2ರಷ್ಟು ಬಸುರಿಯರಲ್ಲಿ ಗರ್ಭಕಾಲದ ಮಧುಮೇಹ ಕಂಡಿತು. ನೂರಕ್ಕೆ 43 ಮಂದಿಯ ರಕ್ತದಲ್ಲಿ ಬಿ-12 ಎಂಬ ಜೀವಸತ್ವ ಕೊರತೆಯ ಮಟ್ಟದಲ್ಲಿತ್ತು. ತಾಯಿಯ ರಕ್ತದಲ್ಲಿ ಫೋಲೇಟ್ ಹೆಚ್ಚಿದ್ದ ಮಕ್ಕಳು ಒಂಬತ್ತು ಹತ್ತು ವರ್ಷದವರಾದಾಗ ಬುದ್ಧಿಪರೀಕ್ಷೆಗಳಲ್ಲಿ ಸ್ವಲ್ಪ ಮೇಲೆ ನಿಂತರು. ಬಿ-12ರ ವಿಷಯದಲ್ಲಿ ಅಂಥ ಸಂಬಂಧ ತೋರಲಿಲ್ಲ. ಇಲ್ಲ ಎಂಬುದನ್ನೂ ಇದೆ ಎಂಬುದರಷ್ಟೇ ಸ್ಪಷ್ಟವಾಗಿ ಪ್ರಕಟಿಸಿದ್ದು ಈ ಕೆಲಸಕ್ಕೆ ಗೌರವವನ್ನು ತರುತ್ತದೆ.

ಬುದ್ಧಿಪರೀಕ್ಷೆಯ ಮಾತು ಬಂದಮೇಲೆ ಭಾಷೆಯ ಮಾತು ಬಾರದಿರಲಾರದು. ಆ ಆಸ್ಪತ್ರೆಯಲ್ಲಿ 1934ರಿಂದ 1966ರವರೆಗೆ ಹುಟ್ಟಿ ಈಗ ವೃದ್ಧಾಪ್ಯಕ್ಕೆ ಕಾಲಿಟ್ಟವರ ಸ್ಮೃತಿಶಕ್ತಿಯನ್ನು ಮುರಳಿ ಕೃಷ್ಣ ಅವರು ಮೊದಲಾದವರು ಪರೀಕ್ಷಿಸಿದ್ದಾರೆ. ಅದಕ್ಕೆ ಬಳಸಿದ ಪರೀಕ್ಷೆಗಳು ‘10/66’ ಎಂಬ ವಿದ್ವತ್ಸಮೂಹದವರು ಸಿದ್ಧಪಡಿಸಿದುವು. ಮರೆವಿನ ರೋಗಿಗಳಲ್ಲಿ ನೂರಕ್ಕೆ 66 ಮಂದಿ ಬಡದೇಶಗಳಲ್ಲಿದ್ದರೂ ಸಂಶೋಧನೆಯಲ್ಲಿ ನೂರಕ್ಕೆ 10 ಪಾಲೂ ಅವರ ಕಡೆಗೆ ಬಾರದೆಂಬುದನ್ನು ಆ ಹೆಸರೇ ಸೂಚಿಸುತ್ತದೆ. ಅವುಗಳಲ್ಲಿ ಒಂದು, ಒಂದು ನಿಮಿಷದಲ್ಲಿ ತೋರಿದಷ್ಟು ಪ್ರಾಣಿಗಳ ಹೆಸರನ್ನು ಹೇಳುವುದು. ಇಂಗ್ಲಿಷಿನ ಶಬ್ದದಲ್ಲಿ ಹಕ್ಕಿ, ಮೀನು, ಹುಳುಗಳೂ ಅಡಗುತ್ತವೆ. ಕನ್ನಡದ ‘ಪ್ರಾಣಿ’ಯು ವ್ಯುತ್ಪತ್ತಿಯಿಂದ ಪ್ರಾಣವುಳ್ಳದ್ದೆಲ್ಲವನ್ನೂ ಒಳಗೊಳ್ಳುವುದು, ರೂಢಿಯಲ್ಲಿಯಾದರೋ ನಾಲ್ಕು ಕಾಲಿನದನ್ನು ಮಾತ್ರ. ‘ಪ್ರಾಣಿಪಕ್ಷಿ’ ಎಂಬ ಜೋಡುನುಡಿಯೇ ಇದಕ್ಕೆ ಸಾಕ್ಷಿ. ಶಾಲೆಗೆ ಹೋಗದ ಮುದುಕಿಯು ಹಸು, ಎಮ್ಮೆ, ಆಡು, ಕುರಿ ಎಂದು ಎಣಿಸಿ, ಕಾಗೆ ಗುಬ್ಬಿಗಳ ಬಾಗಿಲಲ್ಲಿ ನಿಂತರೆ, ಅದು ಸ್ಮೃತಿಯ ಕೊರತೆಯಲ್ಲ, ಶಬ್ದಾರ್ಥಜ್ಞಾನದ ನಿಷ್ಠೆ. ‘ಪ್ರಾಣಿ, ಹಕ್ಕಿ, ಹುಳು ಯಾವುದಾದರೂ ಸರಿ’ ಎಂದು ಕೇಳುವುದಕ್ಕೂ ಬರಿದೆ ‘ಪ್ರಾಣಿ’ ಎಂದು ಕೇಳುವುದಕ್ಕೂ ಅಂಕೆಯಲ್ಲಿಯೇ ಭೇದವಾಗಬಹುದು. ಇಂಥ ಕಡೆ ಭಾಷಾಪಂಡಿತನಿಗೆ ವೈದ್ಯಶಾಸ್ತ್ರದಲ್ಲಿ ನಿಜವಾದ ಕೆಲಸವಿದೆ.

ಸಮ್ಮತಿಯ ವಿಷಯವೂ ಹೀಗೆಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2000, 2006, 2017ರಲ್ಲಿ ಹೊರಡಿಸಿದ ನೀತಿಸೂತ್ರಗಳಂತೆ, ಸಂಶೋಧನೆಗೆ ಒಳಪಡುವವರಿಗೆ ಎಲ್ಲವನ್ನೂ ಅವರ ಭಾಷೆಯಲ್ಲಿ ತಿಳಿಯುವಂತೆ ಹೇಳಿ ಒಪ್ಪಿಗೆಯನ್ನು ಪಡೆಯಬೇಕು. ಓದು ಬಾರದವರು ನಿಷ್ಪಕ್ಷಪಾತಿಯಾದ ಸಾಕ್ಷಿಯ ಎದುರಿಗೆ ಹೆಬ್ಬೆಟ್ಟನ್ನು ಒತ್ತಬಹುದು. ಕನ್ನಡದಲ್ಲಿ ಇದಕ್ಕೆ ಅನುಮತಿ, ಸಮ್ಮತಿ, ಒಪ್ಪಿಗೆ ಎಂಬ ಮೂರು ಮಾತುಗಳು. ಅನುಮತಿಯನ್ನು ಮೇಲಿನವರು ಕೆಳಗಿನವರಿಗೆ ಕೊಡುವರು. ಆಸ್ಪತ್ರೆಯಲ್ಲಿ ರೋಗಿಯು ವೈದ್ಯನಿಗೆ ‘ಅನುಮತಿ’ ಕೊಡುವನೆಂದರೆ ಅವನೇ ನಂಬನು. ಸಮ್ಮತಿಯು ಮನಸ್ಸಿನ ಐಕ್ಯ. ಒಪ್ಪಿಗೆಯೆಂಬ ದೇಶ್ಯಶಬ್ದದ ಬಂಧುವಾದ ‘ಒಪ್ಪ’ವು ಶಾಸನಗಳಲ್ಲಿ ಸಹಿಯ ಅರ್ಥದಲ್ಲಿ ಬರುತ್ತದೆ. ವಿಜಯನಗರದ ಅರಸರ ಶಾಸನಗಳ ಕೊನೆಗೆ ಕನ್ನಡ ಲಿಪಿಯಲ್ಲಿ ‘ಶ್ರೀ ವಿರೂಪಾಕ್ಷ’ ಎಂದಿರುವುದು ಅರಸನ ಒಪ್ಪವೇ. ಮನಸ್ಸಿನಿಂದ ಒಪ್ಪುವುದು, ಕೈಯಿಂದ ಒಪ್ಪ ಹಾಕುವುದು ಎರಡೂ ಒಂದೇ ಧಾತುವಿನಲ್ಲಿ ಕೂಡಿರುವುದರಿಂದ ಪತ್ರಕ್ಕೆ ಈ ಮಾತೇ ಮೇಲು. ಆದರೆ ಇದರೊಳಗೊಂದು ಅಪಾಯವೂ ಇದೆ: ಒಪ್ಪ ಬಿದ್ದರೆ ಒಪ್ಪಿದಂತೆಯೇ ಎಂಬ ಭ್ರಾಂತಿ. ‘ಇದರಿಂದ ನಿಮಗೆ ಗುಣವಾಗುತ್ತದೆಂದು ಹೇಳಲಾಗದು, ನಡುವೆ ಬಿಟ್ಟುಹೋದರೂ ಇಲ್ಲಿಯ ಚಿಕಿತ್ಸೆಗೆ ಕುಂದಿಲ್ಲ’ ಎಂಬೆರಡು ವಾಕ್ಯಗಳನ್ನು ನೇರವಾದ ಆಡುಮಾತಿನಲ್ಲಿ ಬರೆಯದೆ, ಸಮಾಸಗಳಿಂದ ತುಂಬಿದ ಎರಡು ಪುಟಗಳನ್ನು ಓದಿ ಹೇಳಿದರೆ, ಅದು ಕನ್ನಡವಾಗಿದ್ದರೂ ಕೇಳುವವರ ಭಾಷೆಯಲ್ಲ.

ಊರಿನವರು ಕೊಡುವುದು ದೇಹ ಮತ್ತು ಒಪ್ಪಿಗೆ ಮಾತ್ರವೇ, ತಿಳಿವನ್ನೂ ಕೊಡುವರೇ ಎಂಬ ಪ್ರಶ್ನೆಯುಂಟು. ಚರಕಸಂಹಿತೆಯ ಮೊದಲನೆಯ ಅಧ್ಯಾಯದಲ್ಲಿಯೇ ಇದಕ್ಕೆ ಉತ್ತರದ ಒಂದು ಭಾಗವಿದೆ. ಆಡು ಕುರಿ ದನಗಳನ್ನು ಕಾಯುವವರೂ ವನವಾಸಿಗಳೂ ಮೂಲಿಕೆಗಳನ್ನು ಹೆಸರಿನಿಂದಲೂ ರೂಪದಿಂದಲೂ ಬಲ್ಲರು. ಅಷ್ಟರಿಂದಲೇ ಅವುಗಳ ಯೋಗವನ್ನು ಬಲ್ಲರೆಂದಾಗುವುದಿಲ್ಲ ಎಂದು ಆಚಾರ್ಯನು ಹೇಳುತ್ತಾನೆ. ಎರಡು ವಾಕ್ಯಗಳನ್ನೂ ಜೊತೆಯಾಗಿಯೇ ಓದಬೇಕು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಬಳಿ 1957ರಲ್ಲಿ ಜ್ವರ ಹರಡಿದಾಗ ಅದು ಮಂಗಗಳ ಸಾವಿನೊಡನೆ ಬಂದದ್ದನ್ನು ಕಂಡು ‘ಮಂಗನ ಕಾಯಿಲೆ’ ಎಂದವರು ಹಳ್ಳಿಯ ಜನ. ಅದಕ್ಕೆ ಕಾರಣವಾದ ವಿಷಾಣುವನ್ನೂ, ಅದನ್ನು ಹರಡುವ ಉಣ್ಣೆಯನ್ನೂ ಕಂಡುಹಿಡಿದವರು ಪುಣೆಯ ವಿಷಾಣು ಸಂಶೋಧನಾ ಕೇಂದ್ರದವರು. ಹೆಸರು ರೂಪಗಳ ಅರಿವು ಒಂದು ಕಡೆ, ಯೋಗದ ಅರಿವು ಮತ್ತೊಂದು ಕಡೆ.

ಗರ್ಭದ ವಿಷಯದಲ್ಲಿಯೂ ಚರಕನು, ತಾಯಿ, ತಂದೆ, ಆತ್ಮ, ಸಾತ್ಮ್ಯ, ರಸ, ಸತ್ತ್ವ ಎಂಬ ಆರರಿಂದ ಗರ್ಭವು ಏರ್ಪಡುವುದೆಂದು ಹೇಳಿ, ತಾಯಿಯ ಆಹಾರರಸಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿರುವನು. ಇದನ್ನು ಹಿಡಿದು ಬಾರ್ಕರನ ಮತವು ಮೊದಲೇ ಇಲ್ಲಿತ್ತೆಂದು ಡಂಗುರ ಹೊಯ್ಯುವುದು ಹುಡುಗಾಟ. ಮುಪ್ಪಿನ ಹೃದ್ರೋಗಕ್ಕೂ ಜನ್ಮಕಾಲದ ತೂಕಕ್ಕೂ ಗಂಟುಹಾಕುವ ಅಂಕೆಗಳು ಅಲ್ಲಿಲ್ಲ, ಇರಬೇಕಾಗಿಯೂ ಇಲ್ಲ.

ಇನ್ನು ವಿನಿಯೋಗ. ತಾಯಿಯ ಆಹಾರವನ್ನು ಸರಿಪಡಿಸಿದರೆ ಕೂಸಿನ ತೂಕ ಏರುವುದೇ? ಜನನಪುಸ್ತಕಗಳು ಹುಟ್ಟಿಸಿದ ಈ ಪ್ರಶ್ನೆಗೆ ಪ್ರಯೋಗ ನಡೆದದ್ದು ಮುಂಬಯಿಯ ಕೊಳೆಗೇರಿಗಳಲ್ಲಿ, 2006ರಿಂದ 2012ರವರೆಗೆ. ಬಸುರಾಗುವುದಕ್ಕೆ ಮೊದಲೇ 6,513 ಮಂದಿ ಹೆಂಗಸರನ್ನು ಚೀಟಿಯೆತ್ತಿದಂತೆ ಎರಡು ಪಂಗಡಗಳಾಗಿ ಮಾಡಿದರು. ಮೇಲೆ ಹೇಳಿದ ಉಪಾಧಿಶಂಕೆಗೆ ಚೀಟಿಯೇ ಮದ್ದು: ಬಡತನವಾಗಲಿ ಸಿರಿತನವಾಗಲಿ ಎರಡು ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಒಂದು ಪಂಗಡಕ್ಕೆ ಸೊಪ್ಪು, ಹಣ್ಣು, ಹಾಲುಗಳಿಂದ ಮಾಡಿದ ತಿಂಡಿ. ಇನ್ನೊಂದಕ್ಕೆ ಆಲೂಗೆಡ್ಡೆ, ಈರುಳ್ಳಿ ಮುಂತಾದುವುಗಳ ತಿಂಡಿ. ಒಟ್ಟಿನಲ್ಲಿ ನೋಡಿದರೆ ಶಿಶುಗಳ ತೂಕದಲ್ಲಿ ಗಣ್ಯವಾದ ಭೇದವಾಗಲಿಲ್ಲ. ಬಸುರಾಗುವುದಕ್ಕೆ ಮೂರು ತಿಂಗಳಾದರೂ ಮೊದಲಿಂದ ತಿಂದವರನ್ನು ಮಾತ್ರ ಬೇರೆ ತೆಗೆದು ನೋಡಿದಾಗ 48 ಗ್ರಾಂ ಹೆಚ್ಚಿತು. ಹೀಗೆ ಒಂದು ಭಾಗವನ್ನು ಬೇರ್ಪಡಿಸಿ ನೋಡಿದ ಫಲವು ಒಟ್ಟಿನ ಫಲದಷ್ಟು ಬಲವಾದುದಲ್ಲ. ಗರ್ಭಕಾಲದ ಮಧುಮೇಹವಾದರೋ ಪರೀಕ್ಷಿಸಿದವರಲ್ಲಿ ನೂರಕ್ಕೆ 12.4ರಿಂದ 7.3ಕ್ಕೆ ಇಳಿದಿತ್ತು. ಆಶಿಸಿದ್ದು ಒಂದು, ದೊರೆತದ್ದು ಇನ್ನೊಂದು.

ಇಂಥ ಫಲಗಳನ್ನು ಮಂಡಿ ಮೊಹಲ್ಲದ ಮನೆಗಳಿಗೆ ಹಿಂದಿರುಗಿಸಿ ಹೇಳುವುದು ಅವನ್ನು ಕಂಡುಹಿಡಿಯುವುದಕ್ಕಿಂತ ಸುಲಭವೇನಲ್ಲ. ಕಾಯಿಲೆ ಬರಬಹುದಾದ ಸಂಭವವನ್ನು ಕನ್ನಡದಲ್ಲಿ ‘ಅಪಾಯ’ವೆಂದು ಬರೆಯುವ ರೂಢಿಯಿದೆ. ‘ಹಗುರವಾಗಿ ಹುಟ್ಟಿದವರಿಗೆ ಹೃದ್ರೋಗದ ಅಪಾಯವಿದೆ’ ಎಂದರೆ ಕೇಳಿದವರು ಅದನ್ನು ಹಣೆಬರಹವೆಂದು ತಿಳಿಯುವರು. ತಾಯಿಯಾದವಳು ತನ್ನ ತಪ್ಪೆಂದು ತಿಳಿಯುವಳು. ಅತ್ತೆಯಾದವಳು ಸೊಸೆಯ ತಪ್ಪೆಂದು ಹೇಳಿಯೂ ಬಿಡುವಳು. ‘ಹಾಗೆ ಹುಟ್ಟಿದವರು ನೂರು ಮಂದಿಯಿದ್ದರೆ ಹನ್ನೊಂದು ಮಂದಿಗೆ ಬಂದಿತ್ತು, ಎಂಬತ್ತೊಂಬತ್ತು ಮಂದಿಗೆ ಬಂದಿರಲಿಲ್ಲ’ ಎಂದರೆ ಅಂಕೆ ಅದೇ, ಕೇಳುವವರ ಮನಸ್ಸು ಬೇರೆ. ಮುಂಬಯಿಯ ಸೂಚನೆಯು ನಿಂತರೆ, ಈ ಮಾತನ್ನು ಆಡಬೇಕಾದ ಸ್ಥಳವು ಬಸುರಿಯರು ಬಂದು ಕುಳಿತುಕೊಳ್ಳುವ ಆಸ್ಪತ್ರೆಯ ಪಡಸಾಲೆಯಲ್ಲ. ಅಷ್ಟು ಹೊತ್ತಿಗೆ ಆ ಮೂರು ತಿಂಗಳು ಕಳೆದುಹೋಗಿರುತ್ತದೆ. ಅದರ ಸ್ಥಳವು ಪ್ರೌಢಶಾಲೆಯ ಹುಡುಗಿಯರು ಓದುವ ಕನ್ನಡ ಪಾಠಪುಸ್ತಕ.